ಹೊರುವವರು, ಹೇರುವವರು

'ಓವರ್‌ಲೋಡ್' ಎಂಬ ಇಂಗ್ಲಿಷ್ ಶಬ್ದ ಇಂದು ನಮ್ಮ ಲಾರಿ ಚಾಲಕರ ಬಾಯಲ್ಲೂ ಇದೆ, ಲೈನ್‌ಮನ್‌ಗಳ ಬಾಯಲ್ಲೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಸೋದರ ಶಬ್ದಗಳು ಹಲವು. ಆದರೆ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುವುದಿಲ್ಲ. ತಂತಿಯಲ್ಲಿ ಮಿತಿಮೀರಿ ವಿದ್ಯುತ್ ಹರಿದರೆ ಅದು 'ಓವರ್‌ಲೋಡ್' ಮಾತ್ರ. 'ಓವರ್‌ಬರ್ಡನ್' ಎಂದರೆ ಹೆಚ್ಚಾಗಿ ಮನುಷ್ಯನ ಮೇಲೆ ಬಿದ್ದ ಅತಿಯಾದ ಹೊಣೆ. ಗಣಿಯವರಿಗೋ ಅದು ಅದಿರನ್ನು ಮುಚ್ಚಿಕೊಂಡಿರುವ ಕಲ್ಲುಮಣ್ಣು. 'ಸರ್‌ಚಾರ್ಜ್' ಫ್ರೆಂಚಿನಿಂದ ಬಂದದ್ದು. ಮೂಲದಲ್ಲಿ ಅದಕ್ಕೂ ಅತಿಭಾರವೆಂದೇ ಅರ್ಥ. ನಮಗೆ ಪರಿಚಯವಿರುವುದು ತೆರಿಗೆಯ ಮೇಲಿನ ತೆರಿಗೆಯಾಗಿ.

ಇವೆಲ್ಲಕ್ಕೂ 'ಹೊರೆ' ಎಂದು ಬರೆದು ನಾವು ಕೈತೊಳೆದುಕೊಳ್ಳುತ್ತೇವೆ. ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಭಾರವನ್ನು ತಾನು ಎತ್ತಿಕೊಂಡರೆ ಹೊರುವುದು. ಗಾಡಿಯ ಮೇಲೋ ಇನ್ನೊಬ್ಬರ ಮೇಲೋ ಇಟ್ಟರೆ ಹೇರುವುದು. 'ಓವರ್‌ಲೋಡ್ ಆಗಿದೆ' ಎಂದಾಗ ಹೇರಿದವನು ಮರೆಯಾಗುತ್ತಾನೆ. 'ಹೆಚ್ಚು ಹೇರಿದ್ದಾರೆ' ಎಂದು ನೋಡಿ, 'ಯಾರು?' ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈ ಪ್ರಶ್ನೆ ಬರಿಯ ವ್ಯಾಕರಣದ್ದಲ್ಲ. ಶಾಲಾಮಕ್ಕಳ ಹೊರೆಯ ಕುರಿತು ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟಿತು. ಪುಸ್ತಕದ ಚೀಲದ ತೂಕಕ್ಕಿಂತ ಅರ್ಥವಾಗದ ಪಾಠದ ಹೊರೆಯೇ ಹೆಚ್ಚು ಹಾನಿಕರ ಎಂಬುದು ಅದರ ಸಾರ. ಚೀಲವನ್ನು ತಕ್ಕಡಿಗೆ ಹಾಕಬಹುದು. ಅರ್ಥವಾಗದ ಪಾಠವನ್ನು ಯಾವ ತಕ್ಕಡಿಗೆ ಹಾಕುವುದು? ಹೊತ್ತ ಮಗುವಿಗೆ ಅದನ್ನು ಹೇಳಲು ಮಾತೂ ಸಿಕ್ಕದು. ಆದ್ದರಿಂದ 'ಮಗುವಿಗೆ ಹೊರೆಯಾಗಿದೆ' ಎಂದು ಮರುಗಿದರೆ ಸಾಲದು; ಹೇರಿದವರು ಯಾರೆಂದು ಕೇಳಬೇಕು. ಹೇರಿದವರೇ ತಾನೆ ಇಳಿಸಬಲ್ಲವರು?