ಬೇರಿಗೂ ಉಸಿರು ಬೇಕು

ಟೊಮ್ಯಾಟೊ ಗಿಡದ ಎಲೆ ಬಾಡಿದ್ದು ಕಂಡರೆ ನಾವು ತಕ್ಷಣ ನೀರು ಸುರಿಯುತ್ತೇವೆ. ಆದರೆ ನೀರು ಕಡಿಮೆಯಾದರೂ ಎಲೆ ಬಾಡುತ್ತದೆ, ಹೆಚ್ಚಾದರೂ ಬಾಡುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿಗಿರುವ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಆಮ್ಲಜನಕ ಸಿಗದು. ಉಸಿರುಕಟ್ಟಿದ ಬೇರು ಸುತ್ತಲಿರುವ ನೀರನ್ನೂ ಹೀರಲಾರದೆ ಕೊನೆಗೆ ಕೊಳೆಯುತ್ತದೆ.

ಕೆಲವು ದಿನ ಮರೆತು, ಆಮೇಲೆ ಕೊಡಗಟ್ಟಲೆ ಹೊಯ್ದರೆ ಹಣ್ಣು ಬಿರಿಯುತ್ತದೆ. ನೀರಿನೊಂದಿಗೆ ಸಾಗಬೇಕಾದ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ಕಾಯಿಯ ತುದಿ ಕಪ್ಪಾಗುತ್ತದೆ.

ಮಕ್ಕಳನ್ನು ಬೆಳೆಸುವುದೂ ಹೀಗೆಯೇ. ಅಪರೂಪಕ್ಕೊಮ್ಮೆ ಉಕ್ಕುವ ಮುದ್ದಿಗಿಂತ ದಿನವೂ ಸಿಗುವ ಹದವಾದ ಅಕ್ಕರೆ ಮೇಲು.

ಇಂದು ನೀರು ಹಾಕುವ ಮುನ್ನ ಬೆರಳನ್ನು ಒಂದೆರಡು ಅಂಗುಲ ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಬುಡ ಚೆನ್ನಾಗಿ ನೆನೆಯುವಷ್ಟು ಹಾಕಿ. ತೇವವಿದ್ದರೆ ನಾಳೆಗೆ ಬಿಡಿ.