ಕತ್ತು ಮುಟ್ಟಿ ನೋಡಿದ ಡಾಕ್ಟರು

(ತಿಪಟೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಾನು ಭಾಷಣ ಮಾಡೋಕೆ ಬಂದಿಲ್ಲ. ನಮ್ಮವ್ವನ ಕಾಯಿಲೆ ವಿಚಾರ ಹೇಳೋಕೆ ಬಂದಿದ್ದೇನೆ. ಮನೆ ವಿಚಾರ ಸಭೇಲಿ ಯಾಕೆ ಅನ್ನಬಹುದು. ನಮ್ಮ ಕೇರಿ ಹೆಂಗಸರ ಕಾಯಿಲೆಯನ್ನ ಮನೆ ವಿಚಾರ ಅಂತ ಮುಚ್ಚಿಟ್ಟೇ ಎಷ್ಟೋ ಜನರನ್ನ ಕಳಕೊಂಡಿದ್ದೇವೆ.

ನಮ್ಮದು ತುರುವೇಕೆರೆ ತಾಲ್ಲೂಕು. ಸುತ್ತಲೂ ತೆಂಗಿನ ತೋಟ, ನಮ್ಮದು ಅನ್ನೋಕೆ ಒಂದು ಮರವೂ ಇಲ್ಲ. ಅವ್ವ ತೋಟದವರ ಮನೆಗೆ ಕೂಲಿಗೆ ಹೋಗುತ್ತಿದ್ದಳು. ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದವಳು ಬರಬರುತ್ತಾ ಕುಂತಲ್ಲೇ ತೂಕಡಿಸತೊಡಗಿದಳು. ಮುಖ ಊದಿತು, ದನಿ ಗೊಗ್ಗರಾಯಿತು, ಕೂದಲು ಉದುರಿತು. ಬೇಸಿಗೇಲೂ ಚಳಿ ಅಂತ ಕಂಬಳಿ ಹೊದೆಯೋಳು. ಮುಟ್ಟು ವಿಪರೀತ ಹೋಗೋದು. ಉಣ್ಣೋದು ಕಮ್ಮಿ, ಮೈ ಮಾತ್ರ ದಪ್ಪ. ತೋಟದವರು 'ಮೈಗಳ್ಳಿ' ಅಂದರು. ರಜೆಗೆ ಬಂದ ನಾನೂ, "ಯಾವಾಗ್ಲೂ ಮಲಗೇ ಇರ್ತೀಯಲ್ಲವ್ವ" ಅಂದುಬಿಟ್ಟೆ. ಅವ್ವ ಗೋಡೆ ಕಡೆ ತಿರುಗಿಕೊಂಡಳು.

ಒಬ್ಬ ಡಾಕ್ಟರು ಮೇಜಿನಾಚೆಯಿಂದಲೇ ನೋಡಿ, ರಕ್ತ ಕಮ್ಮಿ ಅಂತ ಸೂಜಿ ಚುಚ್ಚಿಸಿ ಟಾನಿಕ್ಕು ಬರೆದರು. ಇನ್ನೊಬ್ಬರು, ಕೆಲಸ ಮಾಡು, ಮೈ ಇಳಿಯುತ್ತೆ ಅಂದರು. ಕೂಲಿ ದುಡ್ಡೂ ಹೋಯಿತು, ಎರಡು ವರ್ಷವೂ ಹೋಯಿತು. ಆಮೇಲೆ ಸಿಕ್ಕವರು ಒಬ್ಬ ಡಾಕ್ಟರಮ್ಮ. "ಕೂತ್ಕೊಳ್ಳಮ್ಮ, ಯಾವಾಗಿಂದ ಹಿಂಗಾಗಿದೆ?" ಅಂತ ಕೇಳಿ ಪೂರಾ ಕೇಳಿಸಿಕೊಂಡರು. ಅವ್ವನ ಹಿಂದೆ ನಿಂತು ಎರಡೂ ಕೈಬೆರಳು ಕತ್ತಿನ ಮೇಲಿಟ್ಟು, ನೀರು ಕೊಟ್ಟು ನುಂಗು ಅಂದರು. ನಾಡಿ ನೋಡಿದರು. ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ಅಂತ ಗೊತ್ತಾಯಿತು. ಹೊರಗೆ ಬಂದ ಅವ್ವ ಮಾತ್ರೆ ವಿಚಾರ ಎತ್ತಲಿಲ್ಲ. "ಆಯಮ್ಮ ನನ್ನ ಕತ್ತು ಮುಟ್ಟಿದ್ರು ಕಣೆ" ಅಂದಳು.

ಈ ಮಾತು ಎಲ್ಲಿಂದ ಬಂತು? ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮಾಸ್ತರರ ಪತ್ರ ಕೊಟ್ಟಿದ್ದಾರೆ. 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಪತ್ರ ಅದು. ಅವರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಕ್ಕೆ ಬರಲಿಲ್ಲ, ಬಾಣಂತಿಯನ್ನೇ ಹೊರಕ್ಕೆ ತರಿಸಿದ. ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಆತ ಮಾಸ್ತರರಿಗೆ, ಮಾಸ್ತರರು ಹೆಂಡತಿಗೆ. ಮುಟ್ಟದೆಯೇ ನ್ಯುಮೋನಿಯಾ ಅಂದ. ಆಕೆ ಸತ್ತಳು.

ಥೈರಾಯ್ಡ್ ಅನ್ನೋದು ಗಂಟಲ ಮುಂಭಾಗದ ಚಿಟ್ಟೆಯಾಕಾರದ ಗ್ರಂಥಿ. ಅದರ ಹಾರ್ಮೋನು ಕಮ್ಮಿಯಾದರೆ ಮೈಯ ಕೆಲಸವೆಲ್ಲ ನಿಧಾನ. ಹೆಚ್ಚಾದರೆ ಎದೆ ಡವಗುಟ್ಟೋದು, ಕೈ ನಡುಗೋದು, ಮೈ ಇಳಿಯೋದು. ಟಿಎಸ್ಎಚ್ ಎಂಬ ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತೆ. ಸುಸ್ತು ರಕ್ತಹೀನತೆಯಲ್ಲೂ ಬರುತ್ತೆ, ಎರಡೂ ಒಟ್ಟಿಗೇ ಇರಬಹುದು. ಅದಕ್ಕೇ ಎರಡನ್ನೂ ಪರೀಕ್ಷೆ ಮಾಡಿಸಿ ಅಂತ ಕೇಳಿ. ಹಾರ್ಮೋನು ಕಮ್ಮಿಯಾದವರಿಗೆ ಕೊಡೋ ಲೆವೊಥೈರಾಕ್ಸಿನ್ ಮಾತ್ರೆ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ನೀರಲ್ಲಿ ನುಂಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ತಿಂಡಿ ಬೇಡ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ. ಗುಣ ಕಂಡಿತು ಅಂತ ನೀವೇ ಬಿಡಬೇಡಿ, ಇನ್ನೊಬ್ಬರ ಮಾತ್ರೆ ನುಂಗಬೇಡಿ. ಬಸುರಿಯಾದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು.

ನಾವು ಕರುಣೆ ಬೇಡುತ್ತಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿರೋದು 1955ರ ಕಾಯ್ದೆಯ ಪ್ರಕಾರ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ನಮ್ಮವರು ಆಸ್ಪತ್ರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗದಂತೆ ತಡೆಯೋದು ದೌರ್ಜನ್ಯ. ಆದರೆ ತಲೆ ಎತ್ತಿ ನೋಡದೆ ಚೀಟಿ ಬರೆಯುವ ಡಾಕ್ಟರ ಮುಂದೆ ಅವ್ವಂದಿರಿಗೆ ಬಾಯೇ ಬರೋದಿಲ್ಲ. ಅಲ್ಲಿ ಓದಿದ ನೀವು ಜೊತೆಗಿರಬೇಕು. ಯಾವಾಗಿಂದ ಸುಸ್ತು, ಮುಟ್ಟು ಹೇಗಿದೆ, ಮನೇಲಿ ಯಾರಿಗಾದರೂ ಈ ಕಾಯಿಲೆ ಇತ್ತಾ, ಎಲ್ಲ ಒಂದು ಹಾಳೇಲಿ ಬರಕೊಂಡು ಹೋಗಿ. ಚೀಟಿ, ರಿಪೋರ್ಟು ಜೋಪಾನ ಮಾಡಿ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ಕಡೆ ಹಾಸ್ಟೆಲುಗಳಿವೆ. ಕೂರಿಸಿ, ಕೇಳಿ, ಮುಟ್ಟಿ ನೋಡುವ ಡಾಕ್ಟರು ಯಾರು ಅಂತ ಒಬ್ಬರಿಗೊಬ್ಬರು ಹೇಳಿ, ಕೇರಿಗಳಿಗೆ ಮುಟ್ಟಿಸಿ.

ಅವ್ವ ಈಗ ಎದ್ದು ಓಡಾಡುತ್ತಾಳೆ. ಅವತ್ತು ನಾನಂದ ಮಾತಿಗೆ ತಪ್ಪಾಯ್ತು ಅಂತ ಇನ್ನೂ ಹೇಳೋಕಾಗಿಲ್ಲ. ನೀವು ರಜೆಗೆ ಹೋದಾಗ ಮಲಗಿರೋ ಅವ್ವನನ್ನ ಬೈಬೇಡಿ. ಪಕ್ಕದಲ್ಲಿ ಕೂತು, ಏನಾಗ್ತದವ್ವ ಅಂತ ಕೇಳಿ.

ಜೈ ಭೀಮ್.