ಹಬ್ಬದ ಮಾರನೆಯ ದಿನ

(ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ಬೆಂಗಳೂರಿನ ಧರ್ಮಕೇಂದ್ರವೊಂದರಲ್ಲಿ ನೀಡಿದ ಪ್ರಬೋಧನೆ)



ಇಂದು ಮೇ 1. ದುಡಿಯುವ ಕೈಗಳ ಹಬ್ಬ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರವರು ಈ ದಿನವನ್ನು ಬಡಗಿ ಜೋಸೆಫರಿಗೆ ಅರ್ಪಿಸಿದರು. ಅಂತೆಯೇ ನಾವೂ ಪ್ರತಿವರ್ಷ ಉಳಿ, ಗರಗಸ, ಕರಣೆ, ಹೊಲಿಗೆ ಯಂತ್ರಗಳನ್ನು ಪೀಠದ ಮುಂದೆ ಇಟ್ಟು ಪ್ರಾರ್ಥಿಸುತ್ತೇವೆ. ಆಟೋ ಓಡಿಸುವವರನ್ನು, ಗಾರೆ ಕೆಲಸದವರನ್ನು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರನ್ನು ನೆನೆಯುತ್ತೇವೆ. ಆದರೆ ಹಬ್ಬದ ಮಾರನೆಯ ದಿನ ನಮಗಾಗಿ ದುಡಿಯುವ ಕೈಗಳನ್ನು ಎಂದಾದರೂ ನೆನೆದಿದ್ದೇವೆಯೇ? ಕಳೆದ ವರ್ಷ ಅವುಗಳನ್ನು ಹತ್ತಿರದಿಂದ ನೋಡಬೇಕಾಗಿ ಬಂತು.

ಇದೇ ಹಬ್ಬದ ಊಟಕ್ಕೆ ಕಳೆದ ವರ್ಷ ಸುಮಾರು 600 ಜನ ಸೇರಿದ್ದೆವು. ಮಾರನೆಯ ಬೆಳಿಗ್ಗೆ 14 ಚೀಲಗಳನ್ನು ಟೆಂಪೋಗೆ ತುಂಬಿಕೊಂಡು ನಮ್ಮ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರಕ್ಕೆ ಹೋದೆವು. ಬೀದಿ ಮೂಲೆಯಲ್ಲಿ ಸುರಿಯದೆ ಕೇಂದ್ರಕ್ಕೇ ಒಯ್ದೆವಲ್ಲ ಎಂಬ ಹೆಮ್ಮೆಯೂ ಸ್ವಲ್ಪ ಇತ್ತೆನ್ನಿ. ಅಲ್ಲಿದ್ದ ತಾಯಿ ಮೊದಲ ಚೀಲದ ಬಾಯಿ ಬಿಚ್ಚಿ ನೋಡಿದರು. "ಸ್ವಾಮಿ, ಇದು ಒಣಕಸ ಅಲ್ಲ, ಸಾರಿನ ಕಸ" ಎಂದರು. ನಿಜವೇ. ರಟ್ಟಿನ ಪೆಟ್ಟಿಗೆಗಳು ಸಾಂಬಾರಿನಲ್ಲಿ ನೆನೆದು ಮುದ್ದೆಯಾಗಿದ್ದವು. ನೀರಿನ ಬಾಟಲಿಗಳಿಗೆ ಅನ್ನ ಮೆತ್ತಿಕೊಂಡಿತ್ತು.

ತಪ್ಪಾಯಿತು ಎಂದು ಚೀಲಗಳನ್ನು ಹಿಂದಕ್ಕೆ ತರಬೇಕಿತ್ತು. ನಾವು ವಾದಕ್ಕಿಳಿದೆವು. "ಬೇರೆ ಮಾಡುವುದು ನಿಮ್ಮ ಕೆಲಸ ತಾನೇ?" ಎಂದೂ ನಮ್ಮಲ್ಲೊಬ್ಬರು ಅಂದುಬಿಟ್ಟರು. ಆ ತಾಯಿ ಮರುಮಾತಾಡದೆ ಚೀಲದೊಳಗೆ ಕೈ ಹಾಕಿದರು. ಒಳಗೆ ಮೇಣದಬತ್ತಿಯ ಗಾಜಿನ ಲೋಟವೊಂದು ಒಡೆದು ಬಿದ್ದಿತ್ತು. ನಾವೇ ಹಿಂದಿನ ಸಂಜೆ ಸ್ವರೂಪದ ಮುಂದೆ ಹಚ್ಚಿಟ್ಟ ದೀಪ ಅದು. ಅಂಗೈ ಉದ್ದಕ್ಕೂ ಸೀಳಿತು. ಹಳೆಯ ಬಟ್ಟೆಯೊಂದನ್ನು ಬಿಗಿಯಾಗಿ ಸುತ್ತಿಕೊಂಡು, "ಇದು ಹೊಸದೇನಲ್ಲ ಬಿಡಿ" ಎಂದರು. ಅವರನ್ನು ಆಸ್ಪತ್ರೆಗೆ ಕಳುಹಿಸಿ, ನಾವು ಅಲ್ಲೇ ನೆಲದ ಮೇಲೆ ಕುಳಿತು ಮಧ್ಯಾಹ್ನದವರೆಗೆ 14 ಚೀಲಗಳನ್ನೂ ವಿಂಗಡಿಸಿದೆವು. ಯಾರೂ ಹೆಚ್ಚು ಮಾತಾಡಲಿಲ್ಲ.

ಆ ನೆಲದ ಮೇಲೆ ಕುಳಿತಾಗ ನಾವು ಕಲಿತದ್ದನ್ನು ನಿಮಗೂ ಹೇಳಬೇಕು. ಕೇಂದ್ರಕ್ಕೆ ಬರುವ ಕಸ ಒಂದೇ ರಾಶಿಯಲ್ಲ. ಬಿಳಿ ಕಾಗದ, ಪತ್ರಿಕೆ, ರಟ್ಟು, ನೀರಿನ ಬಾಟಲಿ, ಗಟ್ಟಿ ಪ್ಲಾಸ್ಟಿಕ್, ಹಾಲಿನ ಕವರು, ಗಾಜು, ತಗಡು, ಎಲ್ಲಕ್ಕೂ ಬೇರೆ ಬೇರೆ ಚೀಲ, ಬೇರೆ ಬೇರೆ ಬೆಲೆ. ನಮ್ಮ ಕೇಂದ್ರ ನಡೆಯುವುದೇ ಬಹುಮಟ್ಟಿಗೆ ಇವುಗಳನ್ನು ಮಾರಿ ಬರುವ ಹಣದಿಂದ. ಸಾರು ತಾಗಿದ ಕಾಗದಕ್ಕೆ ಕೊಳ್ಳುವವರಿಲ್ಲ. ಅಂದರೆ ನಾವು ಚೆಲ್ಲಿದ ಒಂದು ಸೌಟು ಸಾರು ಇನ್ನೊಬ್ಬರ ದಿನಗೂಲಿ. ಚಿಪ್ಸ್ ಪೊಟ್ಟಣಕ್ಕೆ ಹಲವು ಪದರಗಳಿರುವುದರಿಂದ ಅದನ್ನು ಮತ್ತೆ ಬಳಸುವುದು ಕಷ್ಟ; ಅಂಥವನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳುಹಿಸುವುದುಂಟು. ಕಾಗದದ ಲೋಟ ಎಂದು ನಾವು ನಂಬಿಕೊಂಡಿರುವುದರ ಒಳಗೂ ಪ್ಲಾಸ್ಟಿಕ್ ಪದರವಿದೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯುತ್ತೇವಲ್ಲ, ಆ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಚೂರು ಕವರಿಗೇ ಅಂಟಿಕೊಂಡಿರುವಂತೆ ಸೀಳಿ, ತೊಳೆದು, ಒಣಗಿಸಿ ಕೊಟ್ಟರೆ ಸಾಕು.

ಬೆರೆತ ಕಸ ಎಲ್ಲಿಗೆ ಹೋಗುತ್ತದೆ? ಮಾವಳ್ಳಿಪುರದ ಜನರನ್ನು ಕೇಳಿ, ಮಂಡೂರಿನವರನ್ನು ಕೇಳಿ. ವರ್ಷಗಟ್ಟಲೆ ನಮ್ಮ ನಗರದ ಕಸ ಅವರ ಊರಿನ ಪಕ್ಕದಲ್ಲಿ ಬೆಟ್ಟವಾಗಿ ಬೆಳೆಯಿತು. ದುರ್ನಾತ, ನೊಣ, ಕೊಳೆತ ನೀರು ತಾಳಲಾರದೆ ಅವರು ರಸ್ತೆಗಿಳಿದ ಮೇಲೆಯೇ 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಲಾರಿಗಳು ನಿಂತವು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು: ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಡಯಾಪರು, ಪ್ಯಾಡು, ಬ್ಯಾಂಡೇಜಿನಂಥವು, ಚೀಲಕ್ಕೆ ಒಣಕಸ. ನ್ಯಾಯಾಲಯ ಹೇಳಿದರೂ ನಾವು ಕಲಿಯಲಿಲ್ಲವೆಂಬುದಕ್ಕೆ ಆ 14 ಚೀಲಗಳೇ ಸಾಕ್ಷಿ. ಚಿಂದಿ ಆಯುವವರಿಗೆ 2011ರಲ್ಲೇ ಅಂದಿನ ಬಿಬಿಎಂಪಿ ಗುರುತಿನ ಚೀಟಿ ಕೊಡಲಾರಂಭಿಸಿತು. ಆ ತಾಯಿಯ ಕೊರಳಲ್ಲೂ ಅಂಥದೊಂದು ಚೀಟಿ ಇತ್ತು. ನಮ್ಮ ಕಣ್ಣು ಅದರ ಮೇಲೆ ಬಿದ್ದದ್ದು ರಕ್ತ ಕಂಡ ಮೇಲೆ.

ಐದು ಸಾವಿರ ಮಂದಿ ಉಂಡ ಮೇಲೆ ಯೇಸುಸ್ವಾಮಿ ಉಳಿದ ಚೂರುಗಳನ್ನು ಕೂಡಿಸಲು ಹೇಳಿದ್ದು ಯಾರಿಗೆ? ತಮ್ಮ ಶಿಷ್ಯರಿಗೇ. ಹನ್ನೆರಡು ಬುಟ್ಟಿ ತುಂಬಿದ ಕೈಗಳು ಅವರವೇ.

ಈ ವರ್ಷ ಏರ್ಪಾಡು ಬದಲಾಗಿದೆ. ಸ್ಟೀಲ್ ತಟ್ಟೆ ಲೋಟಗಳನ್ನು ಬಾಡಿಗೆಗೆ ತಂದಿದ್ದೇವೆ. ತೊಳೆಯಲು ಯುವಜನರು ಹೆಸರು ಕೊಟ್ಟಿದ್ದಾರೆ. ಹೆಣ್ಣುಮಕ್ಕಳ ಹೆಸರುಗಳೇ ಹೆಚ್ಚು, ಗಂಡುಮಕ್ಕಳೂ ಪೂಜೆಯ ನಂತರ ಬಂದು ಬರೆಸಬೇಕು. ಪೆಂಡಾಲಿನ ಬಲಗಡೆ ಬುಟ್ಟಿಗಳೂ ಚೀಲವೂ ಇವೆ. ಒಡೆದ ಗಾಜನ್ನು ಯಾವುದಕ್ಕೂ ಹಾಕಬೇಡಿ. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು ಉಪದೇಶಿಯವರ ಕೈಗೆ ಕೊಡಿ.

ಆ ತಾಯಿಯನ್ನೂ ಊಟಕ್ಕೆ ಕರೆದಿದ್ದೇವೆ. ಇಂದೂ ಅವರಿಗೆ ಕೆಲಸವಿದೆಯಂತೆ, ಮುಗಿಸಿ ಮೂರು ಗಂಟೆಯ ಹೊತ್ತಿಗೆ ಬರುವುದಾಗಿ ಹೇಳಿದ್ದಾರೆ. ಬಡಿಸುವವರು ದಯವಿಟ್ಟು ಅನ್ನ ಸಾರು ಬಿಸಿಯಾಗಿರುವಂತೆ ನೋಡಿಕೊಳ್ಳಿ.